ಪಟ್ಟ ಧರಿಸಿ ಶಾಲೆಗೆ ಹೋಗುವವರಿಗೆ: ನನ್ನ ಅನುಭವ

ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದವಳು ಆರೋಗ್ಯದ ಮಾತು ಹೇಳಲು ಶಾಲೆಗೆ ಬಂದರೆ ಮಕ್ಕಳ ಕಣ್ಣು ಮೊದಲು ಹೋಗುವುದು ಅವಳ ರೂಪದ ಮೇಲೆ. ಆಮೇಲೆ ಆಕೆ ಹಣ್ಣು, ತರಕಾರಿ, ವ್ಯಾಯಾಮ ಎಂದು ಏನೇ ಹೇಳಲಿ, ‘ಇದನ್ನು ಮಾಡಿದರೆ ಹೀಗೆ ಕಾಣಬಹುದು’ ಎಂದೇ ಅವರು ಅರ್ಥ ಮಾಡಿಕೊಳ್ಳುತ್ತಾರೆ. ಆರೋಗ್ಯವೆಂದರೆ ತೆಳ್ಳಗೆ, ಬೆಳ್ಳಗೆ ಇರುವುದು ಎಂಬ ಭಾವನೆ ಹನ್ನೆರಡರ ಹುಡುಗಿಯ ತಲೆಯಲ್ಲಿ ಕೂತರೆ ನಮ್ಮ ಭೇಟಿಯಿಂದ ಹಾನಿಯೇ ಹೆಚ್ಚು. ಆದ್ದರಿಂದ ಮುಂಬೈಯ ಕನ್ನಡ ಶಾಲೆಗಳಿಗೆ ಹೋಗುವಾಗ ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಮೈಕಟ್ಟಿನ ಸುದ್ದಿ ಎತ್ತುವುದಿಲ್ಲ. ಮಗುವಿನ ಕೈಗೆ ಎಟುಕುವ ಆಯ್ಕೆಗಳ ಬಗ್ಗೆಯಷ್ಟೇ ಮಾತು.

ಮೊದಲು ಅನುಮತಿ. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಸೇರಿದೆ. ಪಾಲಿಕೆ ಶಾಲೆಯಾದರೆ ಮುಖ್ಯೋಪಾಧ್ಯಾಯರ ಬಾಯಿಮಾತಿನ ಒಪ್ಪಿಗೆ ಸಾಲದು, ಶಿಕ್ಷಣ ವಿಭಾಗದ ಪತ್ರವೂ ಕೈಯಲ್ಲಿರಲಿ. ಜೂನ್‌ನಲ್ಲಿ ದಾಖಲಾತಿಯ ಗಡಿಬಿಡಿ, ಜುಲೈಯಲ್ಲಿ ಮಳೆಗೆ ಲೋಕಲ್ ರೈಲು ನಿಂತರೆ ಅರ್ಧ ತರಗತಿ ಖಾಲಿ. ದೀಪಾವಳಿ ರಜೆ ಮುಗಿದ ಮೇಲೆ ಜನವರಿಯವರೆಗೆ ಒಳ್ಳೆಯ ಕಾಲ. ಇಡೀ ಶಾಲೆಯನ್ನು ಸಭಾಂಗಣದಲ್ಲಿ ಕೂರಿಸಿ ಮೈಕ್ ಹಿಡಿದರೆ ಚಪ್ಪಾಳೆ ಬಿಟ್ಟು ಬೇರೇನೂ ಸಿಗದು. ನಲವತ್ತು ಮಕ್ಕಳ ಒಂದು ತರಗತಿ, ಒಂದು ಪೀರಿಯಡ್, ಅಷ್ಟು ಸಾಕು. ತಂಪು ಪಾನೀಯ, ಬಿಸ್ಕಿಟ್, ಹಾಲಿಗೆ ಬೆರೆಸುವ ಪುಡಿ ಮಾರುವವರು ಪ್ರಾಯೋಜಕರಾಗಲು ಬಂದರೆ ಖಡಾಖಂಡಿತವಾಗಿ ಬೇಡ ಎನ್ನಿ. ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಮಕ್ಕಳ ಮುಖ ಕಾಣುವ ಫೋಟೊ ಎಲ್ಲಿಯೂ ಹಾಕಬಾರದು. ಹಿಂದಿನ ಬೆಂಚಿನಿಂದ ಬೆನ್ನು ಮಾತ್ರ ಕಾಣುವಂತೆ ತೆಗೆದರೆ ವರದಿಗೆ ಸಾಕಾಗುತ್ತದೆ.

ಹತ್ತಿಯ ಸಲ್ವಾರ್ ಅಥವಾ ಸೀರೆ, ಚಪ್ಪಟೆ ಚಪ್ಪಲಿ, ಮೇಲೆ ಸ್ಯಾಶ್, ಅಂದರೆ ಪಟ್ಟದ ಹೆಸರು ಬರೆದ ಹೆಗಲಪಟ್ಟಿ. ಕಿರೀಟಕ್ಕೆ ಮೂರು ನಿಮಿಷ. ಆಮೇಲೆ ಅದನ್ನು ಪಾರದರ್ಶಕ ಡಬ್ಬಿಯಲ್ಲಿಟ್ಟು ಮೇಜಿನ ಮೇಲಿಡುತ್ತೇನೆ. ಒಬ್ಬರ ತಲೆಗೆ ಇಟ್ಟರೆ ನಲವತ್ತು ಜನರಿಗೂ ಇಡಬೇಕಾಗುತ್ತದೆ. ಪೀರಿಯಡ್ ಅಲ್ಲಿಗೇ ಮುಗಿಯುತ್ತದೆ, ಹೇನು ಹರಡುವುದು ಬೇರೆ.

ಉಳಿದ ಹೊತ್ತಿನಲ್ಲಿ ಹೆಚ್ಚು ಪಾಲು ಸಕ್ಕರೆಗೆ. ಲೇಬಲ್ ಕೀಳದ ಮೂರು ಖಾಲಿ ಪಾನೀಯದ ಬಾಟಲಿ, ಒಂದು ಕಿಲೊ ಸಕ್ಕರೆ, 5 ಮಿ.ಲೀ. ಅಳತೆಯ ಚಮಚ, ಆಲಿಕೆ, ಒಂದು ಸ್ಟೀಲ್ ತಟ್ಟೆ ತೆಗೆದುಕೊಂಡು ಹೋಗಿ. ಲೇಬಲನ್ನು ಮಗುವೇ ಗಟ್ಟಿಯಾಗಿ ಓದಬೇಕು, ಲೆಕ್ಕವನ್ನು ಬೋರ್ಡಿನ ಮೇಲೆ ಇನ್ನೊಂದು ಮಗು ಮಾಡಬೇಕು. 100 ಮಿ.ಲೀ.ಗೆ 11 ಗ್ರಾಂ ಎಂದಿದ್ದು ಬಾಟಲಿ 600 ಮಿ.ಲೀ.ಯದಾದರೆ ಒಟ್ಟು 66 ಗ್ರಾಂ. ಮಟ್ಟಸವಾಗಿ ತುಂಬಿದ ಚಮಚಕ್ಕೆ ಸುಮಾರು 4 ಗ್ರಾಂ ಹಿಡಿಯುತ್ತದೆ. ಅಂದರೆ ಹದಿನಾರೂವರೆ ಚಮಚ. ಮೂರನೆಯ ಮಗು ಸಕ್ಕರೆ ಸುರಿಯುತ್ತದೆ, ತರಗತಿ ಎಣಿಸುತ್ತದೆ. ಎಂಟು, ಒಂಬತ್ತು ಎನ್ನುವಷ್ಟರಲ್ಲಿ ಗದ್ದಲ ತಾನಾಗಿಯೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯನ್ನು ಹೇಳಬೇಕಾದದ್ದು ಆಗ: ಬೆರೆಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯಲ್ಲಿ ಶೇ. 10ಕ್ಕಿಂತ ಕಡಿಮೆಯಿರಲಿ, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು. 2000 ಕ್ಯಾಲರಿ ತಿನ್ನುವ ದೊಡ್ಡವರಿಗೆ ಆ ಶೇ. 5 ಎಂದರೆ 25 ಗ್ರಾಂ, ಆರು ಚಮಚ. ಮಕ್ಕಳಿಗೆ ಅದಕ್ಕಿಂತ ಕಡಿಮೆ.

ಇಲ್ಲಿ ತಪ್ಪುವುದು ಸಣ್ಣ ಸಂಗತಿಗಳಲ್ಲಿ. ಚಮಚವನ್ನು ಗೋಪುರವಾಗಿ ತುಂಬಿದರೆ ಲೆಕ್ಕ ಕೆಡುತ್ತದೆ. ಸ್ಕೇಲಿನ ಅಂಚಿನಿಂದ ಸವರಿ. ಕೆಲವು ಲೇಬಲುಗಳಲ್ಲಿ ಅಂಕಿ 100 ಮಿ.ಲೀ.ಗಲ್ಲ, ಒಂದು ಸರ್ವಿಂಗ್‌ಗೆ (ಒಂದು ಸಲಕ್ಕೆ ಕುಡಿಯುವ ಅಳತೆಗೆ) ಇರುತ್ತದೆ, ಮೊದಲೇ ನೋಡಿಟ್ಟುಕೊಳ್ಳಿ. ಮುಂಬೈಯ ತೇವಕ್ಕೆ ಸಕ್ಕರೆ ಗಂಟು ಕಟ್ಟಿ ಬಾಟಲಿಯ ಕತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬಾಟಲಿ ಒಣಗಿರಬೇಕು, ಸಕ್ಕರೆ ಗಾಳಿಯಾಡದ ಡಬ್ಬಿಯಲ್ಲಿರಬೇಕು. ಚೆಲ್ಲಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಹೊರಡಿ. ಇರುವೆ ಮುತ್ತಿದರೆ ಬೈಗುಳ ತಿನ್ನುವವರು ಶಾಲೆಯ ಆಯಾ.

ಚಿಪ್ಸ್ ವಿಷಯಕ್ಕೆ ಬಿಳಿ ಹಾಳೆ ಸಾಕು. ನಾಲ್ಕು ಚಿಪ್ಸನ್ನು ಹಾಳೆಯೊಳಗೆ ಮಡಚಿ ಒತ್ತಿ, ಐದು ನಿಮಿಷ ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಎಣ್ಣೆಯ ಕಲೆ ಕಾಣುತ್ತದೆ. ಪಕ್ಕದ ಹಾಳೆಯಲ್ಲಿ ಜೋಳದ ರೊಟ್ಟಿಯ ಚೂರನ್ನು ಒತ್ತಿ ತೋರಿಸಿ. ಕಲಬುರಗಿ, ವಿಜಯಪುರ ಕಡೆಯಿಂದ ಕೂಲಿಗೆ ಬಂದ ಮನೆಗಳ ಮಕ್ಕಳು ತಮ್ಮ ಡಬ್ಬಿಯನ್ನು ಮುಚ್ಚಿಟ್ಟು ತಿನ್ನುವುದುಂಟು, ಅವರಿಗೆ ಇದು ಬಹಳ ಮುಖ್ಯ. ವಡಾಪಾವನ್ನು ಮಾತ್ರ ಹಳಿಯಬೇಡಿ. ಕೆಲಸಕ್ಕೆ ಹೋಗುವ ತಾಯಿ ಕೊಟ್ಟ ದುಡ್ಡಿಗೆ ಹೊಟ್ಟೆ ತುಂಬಿಸುವ ತಿಂಡಿ ಅದು. ದಿನವೂ ತಿನ್ನುವವರು ವಾರಕ್ಕೆ ಎರಡು ದಿನ ಅದೇ ದುಡ್ಡಿಗೆ ಬಾಳೆಹಣ್ಣು, ಶೇಂಗಾ ಚಿಕ್ಕಿ ಕೊಳ್ಳಬಹುದೇ ಎಂದು ಕೇಳಿ. ಸಾಧ್ಯವಾದದ್ದನ್ನು ಅವರೇ ಹೇಳಲಿ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯ ಒಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲಿ ನಿಯಮ ಮಾಡಿದೆ. ಅದು ಮಕ್ಕಳಿಗೆ ಹೇಳುವ ಮಾತಲ್ಲ, ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಆಡುವ ಮಾತು.

ನೀರು ಕುಡಿಯಿರಿ ಎನ್ನುವ ಮುನ್ನ ಹೆಣ್ಣುಮಕ್ಕಳ ಶೌಚಾಲಯವನ್ನು ಕಣ್ಣಾರೆ ನೋಡಿ ಬನ್ನಿ. ಚಿಲಕವಿಲ್ಲದ, ನೀರಿಲ್ಲದ ಕಡೆ ಹುಡುಗಿಯರು ಬೇಕೆಂದೇ ನೀರು ಕುಡಿಯುವುದನ್ನು ಬಿಡುತ್ತಾರೆ. ಅಲ್ಲಿ ಉಪದೇಶಕ್ಕಿಂತ ಮೊದಲು ಚಿಲಕ ಹಾಕಿಸಬೇಕು. ಪಟ್ಟದ ಹೆಸರಿಗೆ ಇರುವ ತೂಕವನ್ನು ನಾನು ಹೆಚ್ಚು ಬಳಸುವುದು ಇಂಥ ಬೇಡಿಕೆಗೇ.

ಆರನೆಯ ತರಗತಿಯಿಂದ ಮೇಲಿನವರಿಗೆ ಸರ್ಕಾರದ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಇದೆ: 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಮಕ್ಕಳು ಇದನ್ನು ಕಿಟಕಿಯಿಂದ ಎಸೆಯಲು ಎರಡು ಕಾರಣ. ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸಿದ್ದು ಒಂದು, ಮಲ ಕಪ್ಪಾದದ್ದು ಕಂಡು ಹೆದರಿದ್ದು ಇನ್ನೊಂದು. ಊಟದ ನಂತರ ನುಂಗಿ, ಕಪ್ಪಾಗುವುದು ಸಹಜ, ಮಾತ್ರೆಯ ಹಿಂದುಮುಂದು ಒಂದು ಗಂಟೆ ಚಹಾ ಬೇಡ, ಚಹಾದ ಟ್ಯಾನಿನ್ ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ ಎಂದು ಮುಂಚೆಯೇ ಹೇಳಿದರೆ ಹೆದರಿಕೆ ಹೋಗುತ್ತದೆ. ಊಟಕ್ಕೆ ನಿಂಬೆ ಹಿಂಡಿಕೊಂಡರೆ ಅನ್ನ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣ ಹೆಚ್ಚು ದಕ್ಕುತ್ತದೆ.

ಎಂಟು, ಒಂಬತ್ತನೆಯವರ ಬಳಿ ಅಡಿಕೆಯ ಮಾತನ್ನು ಬಿಡಬೇಡಿ. ಮಹಾರಾಷ್ಟ್ರದಲ್ಲಿ 2012ರಲ್ಲೇ ಗುಟ್ಕಾ ನಿಷೇಧವಾಗಿದೆ, ಆದರೆ ಸಿಹಿ ಸುಪಾರಿಯ ಪೊಟ್ಟಣವನ್ನು ಮಕ್ಕಳು ಮಿಠಾಯಿಯೆಂದೇ ತಿನ್ನುತ್ತಾರೆ. ಅಡಿಕೆ ನಮ್ಮ ಊರುಗಳ ಬೆಳೆ, ಮಂಗಲಕಾರ್ಯದ ತಟ್ಟೆಯಲ್ಲಿ ಇರುವಂಥದ್ದು. ಅದನ್ನು ಒಪ್ಪಿಕೊಂಡೇ, ಅಗಿಯುವ ಅಡಿಕೆ ತಂಬಾಕಿಲ್ಲದಿದ್ದರೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಹೇಳಿರುವುದನ್ನು ನೇರವಾಗಿ ತಿಳಿಸಬೇಕು. ಬಾಯಿ ಪೂರ್ತಿ ತೆರೆಯಲಾಗದ ಅಥವಾ ಖಾರ ತಗುಲಿದರೆ ಉರಿಯುವ ಮಗು ಇದ್ದರೆ ಎಲ್ಲರೆದುರು ಪರೀಕ್ಷಿಸದೆ ಶಿಕ್ಷಕರ ಮೂಲಕ ದಂತವೈದ್ಯರಿಗೆ ಕಳಿಸಿ.

ಕೊನೆಯ ಹತ್ತು ನಿಮಿಷ ಪ್ರಶ್ನೆಗಳಿಗೆ. ‘ಅಕ್ಕಾ, ನಿಮ್ಮ ತೂಕ ಎಷ್ಟು?’, ‘ಬೆಳ್ಳಗಾಗಲು ಯಾವ ಕ್ರೀಮ್?’ ಇವೆರಡು ಬಂದೇ ಬರುತ್ತವೆ. ತೂಕದ ಅಂಕಿ ಹೇಳುವುದಿಲ್ಲ, ಸ್ಪರ್ಧೆಯ ಕಾಲದ ನನ್ನ ಊಟದ ಪಟ್ಟಿಯನ್ನೂ ಹೇಳುವುದಿಲ್ಲ. ಬೆಳೆಯುವ ಮಗು ಅದನ್ನು ಅನುಸರಿಸಬಾರದು. ಎತ್ತರ ಬೆಳೆಯುವ ಮುನ್ನ ಮೈ ತುಂಬಿಕೊಳ್ಳುವುದು ಆ ವಯಸ್ಸಿನ ಸಹಜ ಎನ್ನುತ್ತೇನೆ. ಮೈಬಣ್ಣ ಹುಟ್ಟಿನಿಂದ ಬಂದದ್ದು, ಅದಕ್ಕೆ ಕ್ರೀಮ್ ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಮಗು ಪಕ್ಕಕ್ಕೆ ಕರೆದು ಮನೆಯ ಹೊಡೆತದ್ದೋ ಹಸಿವಿನದ್ದೋ ಮಾತು ಹೇಳಿದರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಮುಖ್ಯೋಪಾಧ್ಯಾಯರಿಗೆ ಅಂದೇ ತಿಳಿಸಿ. ಮಕ್ಕಳ ಸಹಾಯವಾಣಿ 1098.

ಆರು ವಾರದ ನಂತರ ಎರಡನೆಯ ಭೇಟಿ, ಸ್ಯಾಶ್ ಇಲ್ಲದೆ. ಚಿಪ್ಸ್, ಪಾನೀಯ ಕಡಿಮೆ ಮಾಡಿದವರು ಕೈ ಎತ್ತಿ ಎಂದರೆ ಅಕ್ಕನಿಗೆ ಖುಷಿಯಾಗಲೆಂದು ಎಲ್ಲರೂ ಎತ್ತುತ್ತಾರೆ. ಕಸದ ಬುಟ್ಟಿ ನೋಡುವುದು ಮೇಲು. ಮೊದಲ ಭೇಟಿಗೆ ಮುಂಚಿನ ವಾರ ಮತ್ತು ಎರಡನೆಯ ಭೇಟಿಗೆ ಮುಂಚಿನ ವಾರ, ಬಿಡುವಿನ ಬಳಿಕ ಬುಟ್ಟಿಯಲ್ಲಿರುವ ಪೊಟ್ಟಣ, ಪಾನೀಯದ ಡಬ್ಬಿಗಳನ್ನು ಆಯಾ ಅಥವಾ ತರಗತಿ ಶಿಕ್ಷಕರು ಐದು ದಿನ ಎಣಿಸಿ ಬರೆದಿಡಬೇಕು, ಮಕ್ಕಳಿಗೆ ಗೊತ್ತಾಗದಂತೆ. ಹಬ್ಬದ ವಾರ, ಪರೀಕ್ಷೆಯ ವಾರ ಎಣಿಸಿದರೆ ಹೋಲಿಕೆ ಕೆಡುತ್ತದೆ. ಅಳತೆಯ ಚಮಚ ಮತ್ತು ಬಾಟಲಿಗಳನ್ನು ವಿಜ್ಞಾನ ಶಿಕ್ಷಕರ ಕಪಾಟಿನಲ್ಲೇ ಬಿಟ್ಟು ಬನ್ನಿ. ಮುಂದಿನ ತರಗತಿಗೆ ಅವರೇ ಮಾಡಿ ತೋರಿಸಬಲ್ಲರು.