ಮಲಗಿದ ಪರದೆಯ ಮುಂದೆ ಗಂಟೆಗಟ್ಟಲೆ ಬರೆಯುವುದು ಹೇಗೆ?

1983ರಲ್ಲಿ ಬಂದ, ಕೈಯಲ್ಲಿ ಹೊತ್ತೊಯ್ಯಬಹುದಾದ ಟಿಆರ್‌ಎಸ್-80 ಮಾಡೆಲ್ 100 ಕಂಪ್ಯೂಟರ್ ಬರೆಯುವವರಿಗೆ ಇವತ್ತಿಗೂ ಒಳ್ಳೆಯ ಜೊತೆಗಾರ. ತೂಕ ಒಂದೂವರೆ ಕೆ.ಜಿ.ಗಿಂತ ಸ್ವಲ್ಪ ಕಡಿಮೆ. ಕೀಬೋರ್ಡ್ ಪೂರ್ತಿ ಅಳತೆಯದು, ಬೆರಳಿಗೆ ಹಿತ. ತೊಂದರೆ ಕೊಡುವುದು ಪರದೆ. ಅದು ಎದ್ದು ನಿಲ್ಲುವುದಿಲ್ಲ, ಕೀಲಿಗಳ ಮೇಲ್ಗಡೆ ಅಂಗಾತ ಮಲಗಿರುತ್ತದೆ. ಒಳಗಿನಿಂದ ಬೆಳಕೂ ಇಲ್ಲ. ಹಾಗಾಗಿ ಕತ್ತು, ಕಣ್ಣು ಎರಡೂ ಬೇಗ ದಣಿಯುತ್ತವೆ.

ಮೊದಲು ಬೆಳಕು ಸರಿ ಮಾಡಿಕೊಳ್ಳಿ. ಈ ಪರದೆ ಕಾಗದದ ಹಾಗೆ, ಹೊರಗಿನ ಬೆಳಕಿದ್ದರಷ್ಟೇ ಕಾಣುತ್ತದೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಪರದೆಯಲ್ಲೇ ಹೊಳೆದು ಅಕ್ಷರ ಮುಚ್ಚಿಬಿಡುತ್ತದೆ. ದೀಪವನ್ನು ಪಕ್ಕಕ್ಕಿಡಿ. ಯಂತ್ರ ಆಫ್ ಮಾಡಿ ಪರದೆ ನೋಡಿ: ದೀಪದ ಬಿಂಬ ಕಂಡರೆ ಇನ್ನಷ್ಟು ಸರಿಸಿ. ಹಗಲಲ್ಲಿ ಕಿಟಕಿಯ ಪಕ್ಕ ಕೂತರೆ ದೀಪವೇ ಬೇಡ.

ಆಮೇಲೆ ಯಂತ್ರದ ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ. ಬಾಗಿಲಿಗೆ ಕೊಡುವ ರಬ್ಬರ್ ಬೆಣೆ ಸಾಕು. ಅಕ್ಷರದ ಕಪ್ಪನ್ನು ಹೆಚ್ಚು ಕಡಿಮೆ ಮಾಡಲು ಪಕ್ಕದಲ್ಲಿರುವ ಕಾಂಟ್ರಾಸ್ಟ್ ಡಯಲ್ ತಿರುಗಿಸುವುದು ಇದಾದ ಮೇಲೆ. ಈ ಕ್ರಮ ಮುಖ್ಯ, ಯಾಕೆಂದರೆ ಇಂಥ ಹಳೆಯ ಎಲ್‌ಸಿಡಿ ಪರದೆಯಲ್ಲಿ ನೋಡುವ ಕೋನ ಬದಲಾದರೆ ಅಕ್ಷರದ ಕಪ್ಪೂ ಬದಲಾಗುತ್ತದೆ. ಡಯಲನ್ನು ಜಾಸ್ತಿ ತಿರುಗಿಸಿದರೆ ಹಿನ್ನೆಲೆಯೂ ಕಪ್ಪಾಗುತ್ತದೆ.

ಹಿಂಬದಿ ಎತ್ತರಿಸಿದಾಗ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ, ಅಲ್ವಾ? ಇದನ್ನು ಸುಮ್ನೆ ಬಿಡಬೇಡಿ, ನೋವು ಶುರುವಾಗುವುದೇ ಇಲ್ಲಿ. ಯಂತ್ರವೇ ಸುಮಾರು ಐದು ಸೆಂಟಿಮೀಟರ್ ದಪ್ಪ. ಅದಕ್ಕೇ ಕುರ್ಚಿಯನ್ನು ಎತ್ತರಿಸಿ, ಮೊಣಕೈ ಕೀಲಿಗಳಿಗಿಂತ ತುಸು ಮೇಲಿರಲಿ. ಪಾದ ನೆಲಕ್ಕೆ ತಾಗದಿದ್ದರೆ ಕೆಳಗೆ ಮಣೆ ಇಡಿ. ಆಗಾಗ ತೊಡೆಯ ಮೇಲಿಟ್ಟುಕೊಂಡೂ ಬರೆಯಿರಿ, ಭುಜಕ್ಕೆ ಆರಾಮ.

ಪರದೆಯಲ್ಲಿ ಕಾಣುವುದು 40 ಅಕ್ಷರಗಳ 8 ಸಾಲು ಮಾತ್ರ. ಹಿಂದಿನದನ್ನು ಪದೇ ಪದೇ ತಿರುಗಿಸಿ ನೋಡುವುದು ಕಣ್ಣಿಗೆ ಶ್ರಮ. ಮುಖ್ಯ ಅಂಶಗಳನ್ನು ಚೀಟಿಯಲ್ಲಿ ಬರೆದು ಎದುರಿಗೆ ನಿಲ್ಲಿಸಿಕೊಳ್ಳಿ. ಅದನ್ನು ನೋಡುವ ನೆಪದಲ್ಲಿ ತಲೆಯೂ ಮೇಲೇಳುತ್ತದೆ.

ನಾಲ್ಕು ಎಎ ಆಲ್ಕಲೈನ್ ಸೆಲ್ ಸುಮಾರು 20 ಗಂಟೆ ಬರುತ್ತವೆ. ಕೆಂಪು ದೀಪ ಹತ್ತಿದರೆ ಯಂತ್ರ ಆಫ್ ಮಾಡಿ ಸೆಲ್ ಬದಲಿಸಿ. ಅಷ್ಟು ಹೊತ್ತು ಬರಹವನ್ನು ಕಾಯುವುದು ಒಳಗಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಹಳೆಯದಾದರೆ ಅದು ಸೋರಿ ಬೋರ್ಡನ್ನೇ ತಿನ್ನುತ್ತದೆ, ಹೊಸದು ಹಾಕಿಸಿಕೊಂಡೇ ಕೆಲಸ ಶುರು ಮಾಡಿ. ಅಡಾಪ್ಟರ್ ಬಳಸುವುದಾದರೆ 6 ವೋಲ್ಟಿನದು ಬೇಕು, ಪಿನ್ನಿನ ನಡುಭಾಗ ಮೈನಸ್ ಇರಬೇಕು. ಈಗಿನ ಬಹುಪಾಲು ಅಡಾಪ್ಟರ್‌ಗಳಲ್ಲಿ ಅಲ್ಲಿ ಪ್ಲಸ್ ಇರುತ್ತದೆ, ಚುಚ್ಚುವ ಮುಂಚೆ ನೋಡಿಕೊಳ್ಳಿ.

ಹತ್ತು ನಿಮಿಷ ಕೀಲಿ ಮುಟ್ಟದಿದ್ದರೆ ಯಂತ್ರ ತಾನಾಗಿ ಆಫ್ ಆಗುತ್ತದೆ. ಗಾಬರಿ ಬೇಡ, ಬರೆದದ್ದು ಹಾಗೇ ಇರುತ್ತದೆ. ಸ್ವಿಚ್ಚನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದರಾಯಿತು. ಆದರೆ ದಿನದ ಕೆಲಸ ಮುಗಿದಾಗ ಎರಡು ಕಂಪ್ಯೂಟರ್ ಜೋಡಿಸುವ ಸೀರಿಯಲ್ ಕೇಬಲ್ ಹಾಕಿ, ಒಳಗೇ ಇರುವ ಟೆಲ್‌ಕಾಮ್ ಪ್ರೋಗ್ರಾಮಿನಿಂದ ಫೈಲನ್ನು ಇನ್ನೊಂದು ಕಂಪ್ಯೂಟರಿಗೆ ಕಳಿಸಿಯೇ ಕುರ್ಚಿಯಿಂದ ಏಳಿ.