ವಿಮಾನ ಹತ್ತುವಾಗ ಫಿಲ್ಮ್ ರೋಲ್ ಉಳಿಸಿಕೊಳ್ಳುವುದು ಹೇಗೆ?

1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ರಾಂಟ್ಜೆನ್, ಅದರಿಂದ ಹೆಂಡತಿಯ ಕೈಮೂಳೆಗಳನ್ನು ಫೋಟೊ ತಟ್ಟೆಯ ಮೇಲೆ ಮೂಡಿಸಿ ತೋರಿಸಿದ. ಫಿಲ್ಮಿಗೆ ಎಕ್ಸ್‌ರೇ ಕೂಡ ಒಂದು ಬೆಳಕೇ. ಡಬ್ಬಿಯ ಮುಚ್ಚಳ ಅದನ್ನು ತಡೆಯುವುದಿಲ್ಲ.

ಹಾಗಾಗಿ ಮೊದಲ ಮಾತು: ತೊಳೆಸದ (ಡೆವಲಪ್ ಮಾಡಿಸದ) ಫಿಲ್ಮನ್ನು ಚೆಕ್-ಇನ್ ಲಗೇಜಿಗೆ ಹಾಕಲೇಬೇಡಿ. ಆ ಲಗೇಜ್ ನೋಡುವ ಯಂತ್ರಗಳು ತುಂಬಾ ಜೋರು. ಸೂಟ್‌ಕೇಸಿನಲ್ಲಿದ್ದ ಪ್ಯಾಂಟಿನ ಜೇಬಲ್ಲಿ ಒಮ್ಮೆ ಒಂದು ರೋಲ್ ಮರೆತಿದ್ದೆ. ತೊಳೆಸಿದಾಗ ಎಲ್ಲ ಚಿತ್ರಗಳ ಮೇಲೂ ಅಲೆ ಅಲೆಯಾಗಿ ಮಸುಕು ಪಟ್ಟಿ. ಕ್ಯಾಮೆರಾದಲ್ಲೇ ಬೆಳಕು ಸೋರುತ್ತಿದೆ ಅಂತ ಎರಡು ದಿನ ಸುಮ್ನೆ ಹುಡುಕಾಡಿದೆ!

ಹಿಂದಿನ ರಾತ್ರಿಯೇ ಸಿದ್ಧತೆ ಮಾಡಿಕೊಳ್ಳಿ. 35 ಎಂಎಂ ರೋಲ್‌ಗಳನ್ನು ರಟ್ಟಿನ ಪೆಟ್ಟಿಗೆ, ಕಪ್ಪು ಡಬ್ಬಿಗಳಿಂದ ತೆಗೆದು ಪಾರದರ್ಶಕ ಜಿಪ್ ಕವರಿಗೆ ಹಾಕಿ, ಹ್ಯಾಂಡ್ ಬ್ಯಾಗಿನ ಮೇಲ್ಭಾಗದಲ್ಲಿಡಿ. ಕ್ಯಾಮೆರಾದೊಳಗೆ ಅರ್ಧ ಮುಗಿದ ರೋಲ್ ಇದ್ದರೆ ಮುಗಿಸಿ ಸುತ್ತಿಬಿಡಿ. ಒಳಗೇನಿದೆ ಅಂತ ನೋಡಲು ಯಾರಾದರೂ ಹಿಂಬಾಗಿಲು ತೆರೆದರೆ ಮುಗಿಯಿತು. ಸೀಸದ ಪದರದ ಚೀಲವೂ ಸಿಗುತ್ತದೆ. ನನಗಂತೂ ಅದರ ಮೇಲೆ ನಂಬಿಕೆಯಿಲ್ಲ. ಪರದೆಯ ಮೇಲೆ ಕಪ್ಪಗೆ ಕಾಣುವ ಚೀಲವನ್ನು ಯಾರು ತಾನೇ ಸುಮ್ಮನೆ ಬಿಡುತ್ತಾರೆ? ಇನ್ನೊಮ್ಮೆ ಯಂತ್ರಕ್ಕೆ ಹಾಕುತ್ತಾರೆ.

ನಿಲ್ದಾಣಕ್ಕೆ ಸ್ವಲ್ಪ ಬೇಗ ಹೋಗಿ. ಟ್ರೇ ಯಂತ್ರದ ಬೆಲ್ಟಿಗೆ ಹೋಗುವ ಮೊದಲೇ ಕವರನ್ನು ಕೈಯಲ್ಲಿ ಹಿಡಿದು ಕೇಳಿ: ‘ಇದು ತೊಳೆಸದ ಫಿಲ್ಮ್, ದಯವಿಟ್ಟು ಕೈಯಲ್ಲೇ ನೋಡಿ ಕೊಡ್ತೀರಾ?’ ಕೆಲವರು ಒಂದೊಂದೇ ರೋಲ್ ತಿರುಗಿಸಿ ನೋಡುತ್ತಾರೆ, ಕೆಲವರು ಬಟ್ಟೆಯ ತುಂಡಿನಿಂದ ಒರೆಸಿ ಸ್ಫೋಟಕದ ಪರೀಕ್ಷೆ ಮಾಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಅಮೆರಿಕದಲ್ಲಿ ಹೀಗೆ ಕೇಳಲು ಅವಕಾಶವಿದೆ. ಎಷ್ಟೋ ಕಡೆ ಅದು ಅಧಿಕಾರಿಯ ಮರ್ಜಿ, ವಾದ ಮಾಡಿ ಗೆಲ್ಲುವುದು ಕಷ್ಟ.

ಒಪ್ಪಲಿಲ್ಲ ಅಂದರೆ? ಆಗ ಯಂತ್ರ ಯಾವುದು ಅಂತ ನೋಡಿ. ಹಳೆಯ ಎಕ್ಸ್‌ರೇ ಯಂತ್ರವಾದರೆ ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 800ಕ್ಕಿಂತ ಕಡಿಮೆಯ ಫಿಲ್ಮ್ ನಾಲ್ಕಾರು ಸಲ ಹೋಗಿ ಬಂದರೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಆದರೆ ಏಟು ಸೇರುತ್ತಾ ಹೋಗುತ್ತದೆ, ಆದ್ದರಿಂದ ನಡುವೆ ವಿಮಾನ ಬದಲಿಸುವಾಗಿನ ತಪಾಸಣೆಯನ್ನೂ ಲೆಕ್ಕಕ್ಕೆ ಸೇರಿಸಿ. ಇಲ್‌ಫೋರ್ಡ್ ಡೆಲ್ಟಾ 3200 ಥರದ ವೇಗದ, ಅಂದರೆ ಹೆಚ್ಚು ಐಎಸ್‌ಒ ಇರುವ ಫಿಲ್ಮಿಗೆ ಈ ರಿಯಾಯಿತಿ ಇಲ್ಲ. 400ರ ರೋಲನ್ನು 1600ಕ್ಕೆ ಪುಶ್ ಮಾಡುವುದಿದ್ದರೆ (ಅಂದರೆ 1600 ಅಂದುಕೊಂಡೇ ಚಿತ್ರ ತೆಗೆದು, ಹೆಚ್ಚು ಹೊತ್ತು ತೊಳೆಸುವುದಿದ್ದರೆ) ಅದನ್ನೂ 1600 ಅಂತಲೇ ಎಣಿಸಿ.

ನಿಜವಾದ ತಲೆನೋವು ಹೊಸ ಸಿ.ಟಿ. ಸ್ಕ್ಯಾನರ್. ಬ್ಯಾಗನ್ನು ಸುತ್ತಲಿಂದಲೂ ಹಲವು ಕೋನಗಳಲ್ಲಿ ನೋಡುವುದರಿಂದ ಅದರ ಎಕ್ಸ್‌ರೇ ಪ್ರಮಾಣ ಜಾಸ್ತಿ. ಇದರೊಳಗೆ ಯಾವ ಫಿಲ್ಮನ್ನೂ ಕಳಿಸಬೇಡಿ ಅಂತ ಕೊಡಾಕ್ ಕೂಡ ಹೇಳುತ್ತದೆ. ಗುರುತಿಸುವುದು ಹೇಗೆ? ‘ಲ್ಯಾಪ್‌ಟಾಪ್ ಬ್ಯಾಗಲ್ಲೇ ಇರಲಿ’ ಅಂದರೆ ಹೆಚ್ಚಾಗಿ ಅದು ಸಿ.ಟಿ.ಯೇ. ಹಳೆಯ ಯಂತ್ರವಿರುವ ಬೇರೆ ಸಾಲಿದೆಯೇ ಅಂತ ವಿಚಾರಿಸಿ. ತಕ್ಷಣವೇ ಪ್ರಿಂಟ್ ಕೊಡುವ ಇನ್‌ಸ್ಟ್ಯಾಕ್ಸ್ ಕ್ಯಾಮೆರಾದ ಫಿಲ್ಮಿಗೂ ಇದೇ ಎಚ್ಚರಿಕೆ. ಅದು ಐಎಸ್‌ಒ 800.

ತೊಳೆಸಿದ ನೆಗೆಟಿವ್, ಪ್ರಿಂಟ್, ಮೆಮೊರಿ ಕಾರ್ಡ್‌ಗಳ ಚಿಂತೆ ಬೇಡ. ನಾವು ನಡೆದು ದಾಟುವ ಲೋಹಶೋಧಕ ಚೌಕಟ್ಟೂ ಫಿಲ್ಮಿಗೆ ಏನೂ ಮಾಡದು. ಹಾಗಂತ ರೋಲ್ ಜೇಬಲ್ಲಿಟ್ಟುಕೊಂಡು ಹೋಗಬೇಡಿ, ಅದರ ಹೊರಕವಚವೇ ಲೋಹದ್ದು, ಕಿರುಚುತ್ತದೆ!

ಎಲ್ಲ ಪ್ರಯತ್ನದ ನಂತರವೂ ರೋಲ್ ಸಿ.ಟಿ.ಯೊಳಗೆ ಹೋಗಿಯೇಬಿಟ್ಟರೆ ಎಸೆಯಬೇಡಿ. ಗುರುತು ಹಾಕಿಟ್ಟು, ಇನ್ನೊಂದು ತಪಾಸಣೆಗೆ ಸಿಗುವ ಮೊದಲು ತೊಳೆಸಿ. ಇನ್ನೂ ಬಳಸದ ರೋಲ್ ಆಗಿದ್ದರೆ ಮುಖ್ಯವಲ್ಲದ ಚಿತ್ರಗಳಿಗೆ ಇಟ್ಟುಕೊಳ್ಳಿ.