ಹಳೆ ಸಿಪಿಯು ಒಳಗಿನ ಸೆಲ್ ಎಷ್ಟು ವರ್ಷ ಬರುತ್ತೆ?

ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಹತ್ತಿರ ಜನ ಪದೇ ಪದೇ ಕೇಳುವ ಪ್ರಶ್ನೆ ಇದು. ನಾನು ಮೂರು ವರ್ಷ ಅಂತಲೂ ಹೇಳಿದ್ದೇನೆ, ಹತ್ತು ವರ್ಷ ಅಂತಲೂ ಹೇಳಿದ್ದೇನೆ. ಎರಡೂ ನಿಜ. ಅದು ಸೆಲ್‌ಗಿಂತ ಜಾಸ್ತಿ ನಿಮ್ಮ ಸ್ವಿಚ್‌ಬೋರ್ಡ್ ಮೇಲೆ ನಿಂತಿದೆ.

ಮದರ್‌ಬೋರ್ಡ್ ಮೇಲೆ ನಾಣ್ಯದಂತೆ ಕೂತಿರುವ ಸೆಲ್ ಹೆಸರು ಸಿಆರ್ 2032. ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, ಹೆಸರಲ್ಲೇ ಅಳತೆ ಇದೆ. 3 ವೋಲ್ಟ್, ಸಾಮರ್ಥ್ಯ ಸುಮಾರು 220 ಮಿಲಿಆಂಪ್ ಅವರ್. ಕಂಪ್ಯೂಟರ್ ಆಫ್ ಆಗಿರುವಾಗ ಗಡಿಯಾರ ಓಡಿಸುವುದು, ಬಯೋಸ್ (ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಸೆಟ್ಟಿಂಗ್ ಕಾಪಾಡುವುದು ಇದರ ಕೆಲಸ. ಪಕ್ಕದಲ್ಲಿ ಸೆಕೆಂಡಿಗೆ 32,768 ಸಲ ಮಿಡಿಯುವ ಪುಟ್ಟ ಕ್ರಿಸ್ಟಲ್ ಇರುತ್ತೆ. ಇಷ್ಟಕ್ಕೆಲ್ಲ ಬೇಕಾಗುವುದು ಕೆಲವೇ ಮೈಕ್ರೋಆಂಪ್, ಅಂದರೆ ಮಿಲಿಆಂಪ್‌ನ ಸಾವಿರದಲ್ಲಿ ಕೆಲವು ಪಾಲು. 5 ಮೈಕ್ರೋಆಂಪ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿ: 44,000 ಗಂಟೆ ಬರುತ್ತೆ. ಹೆಚ್ಚುಕಮ್ಮಿ ಐದು ವರ್ಷ. ಬೋರ್ಡ್ ಇದಕ್ಕಿಂತ ಜಾಸ್ತಿ ಎಳೆದರೆ ಇನ್ನೂ ಕಮ್ಮಿ.

ಆದರೆ ಈ ಐದು ವರ್ಷ ಪ್ಲಗ್ ಕಿತ್ತಿಟ್ಟ ಕಂಪ್ಯೂಟರ್‌ನ ಲೆಕ್ಕ. ಶಟ್‌ಡೌನ್ ಮಾಡಿದರೂ ಗೋಡೆ ಸ್ವಿಚ್ ಆನ್ ಇದ್ದರೆ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರ್ ಒಳಗಿನ ಪವರ್ ಸಪ್ಲೈ ಡಬ್ಬ) 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟ್ ಬರ್ತಾನೇ ಇರುತ್ತೆ. ಆಗ ಗಡಿಯಾರ ಅದರಿಂದ ಓಡುತ್ತೆ, ಸೆಲ್ ಸುಮ್ನೆ ಕೂತಿರುತ್ತೆ. ಲಿಥಿಯಂ ಸೆಲ್ ತಾನಾಗಿ ಇಳಿಯುವುದು ವರ್ಷಕ್ಕೆ ನೂರಕ್ಕೆ ಒಂದು ಪಾಲು ಅಷ್ಟೇ.

ನನ್ನ ಕೈಯಲ್ಲೇ ಇದು ಸ್ಪಷ್ಟವಾಗಿ ಕಂಡಿದೆ. ಇಲ್ಲಿನ ಒಂದು ಡಿಟಿಪಿ ಸೆಂಟರ್ ಮೆಷಿನ್ ಯುಪಿಎಸ್ ಮೇಲಿದೆ, ಆ ಯುಪಿಎಸ್ ಆಫ್ ಮಾಡುವವರೇ ಇಲ್ಲ. ಎಂಟು ವರ್ಷ ದಾಟಿದರೂ ಅದರ ಸೆಲ್ ಗಟ್ಟಿಯಾಗಿತ್ತು. ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಅದೇ ಕಾಲದ ಬೋರ್ಡ್. ಹರಾಜಿನ ದಿನ ಬಿಟ್ಟರೆ ಕಂಪ್ಯೂಟರ್‌ಗೆ ಕೆಲಸ ಕಮ್ಮಿ, ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚೇ ಇಳಿಸುತ್ತಾರೆ. ಅಲ್ಲಿ ಮೂರು ವರ್ಷ ಚಿಲ್ಲರೆಗೆ ಸೆಲ್ ಮುಗಿಯಿತು. "ಒಂದೇ ಕಂಪನಿ ಸೆಲ್ಲು, ನಮ್ದು ಮಾತ್ರ ಯಾಕಣ್ಣ ಹಿಂಗೆ?" ಅಂದರು ಮಂಡಿ ಯಜಮಾನರು. ಸೆಲ್‌ನಲ್ಲಿ ಏನೂ ದೋಷ ಇರಲಿಲ್ಲ. ಅದು ತನ್ನ ಪಾಲಿನ ಗಂಟೆ ಪೂರ್ತಿ ದುಡಿದಿತ್ತು.

ಹಾಗಂತ ಮೇನ್ ಸ್ವಿಚ್ ಆನ್ ಇಟ್ಟು ಹೋಗಿ ಅಂತ ನಾನು ಯಾರಿಗೂ ಹೇಳಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಎಸ್‌ಎಂಪಿಎಸ್ ಸುಟ್ಟರೆ ಅದರ ಖರ್ಚು ಬೇರೆ. ನೂರು ರೂಪಾಯಿಯೂ ಆಗದ ಸೆಲ್ ಉಳಿಸಲು ಅದು ಬೇಡ. ದಿನಾ ಮೇನ್ ಇಳಿಸುವ ಕಡೆ ಮೂರು ವರ್ಷಕ್ಕೊಮ್ಮೆ ಕೇಳದೆಯೇ ಸೆಲ್ ಬದಲಾಯಿಸುತ್ತೇನೆ. ಮಾರ್ಕರ್‌ನಲ್ಲಿ ಅದರ ಮೇಲೆ ತಿಂಗಳು, ವರ್ಷ ಬರೆಯುತ್ತೇನೆ.

ಮಲ್ಟಿಮೀಟರ್ ನೋಡಿ ಎಷ್ಟು ಬಾಕಿ ಇದೆ ಅಂತ ಹೇಳುವುದು ಕಷ್ಟ. ಹೊಸ ಸೆಲ್ 3.2 ವೋಲ್ಟ್ ಮೇಲೆ ತೋರಿಸುತ್ತೆ. ಆಮೇಲೆ ವರ್ಷಗಟ್ಟಲೆ 3ರ ಆಸುಪಾಸಲ್ಲೇ ನಿಂತು, ಕೊನೆಗೆ ಬೇಗ ಕುಸಿಯುತ್ತೆ. 2.8ಕ್ಕೆ ಬಂದರೆ ನಾನು ಕಾಯುವುದಿಲ್ಲ. ಮೀಟರ್ ಇಲ್ಲದವರಿಗೆ ಒಂದು ದಾರಿ ಇದೆ. ಒಂದು ರಾತ್ರಿ ಪ್ಲಗ್ ಆನ್ ಇಟ್ಟು, ಇನ್ನೊಂದು ರಾತ್ರಿ ಕಿತ್ತಿಟ್ಟು ನೋಡಿ. ಪ್ಲಗ್ ಕಿತ್ತ ದಿನ ಮಾತ್ರ ಬೆಳಿಗ್ಗೆ ಟೈಮ್ ತಪ್ಪಿದ್ದರೆ ಸೆಲ್ ಹೋಗಿದೆ ಅಂತಲೇ ಅರ್ಥ.

ತಾರೀಖು ತಪ್ಪಿದರೆ ಏನಂತೆ, ಸರಿಮಾಡಿಕೊಂಡರಾಯಿತು ಅಂತಾರೆ. ಅಷ್ಟಕ್ಕೇ ಮುಗಿಯಲ್ಲ. ಇಸವಿ ಹಿಂದಕ್ಕೆ ಹೋದರೆ ಬ್ರೌಸರ್ ಬ್ಯಾಂಕ್ ಸೈಟನ್ನೂ ಜಿಎಸ್‌ಟಿ ಸೈಟನ್ನೂ ಸುರಕ್ಷಿತವಲ್ಲ ಅನ್ನುತ್ತೆ. ಮನೆ, ಅಂಗಡಿಯ ವಿಂಡೋಸ್ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ 15 ಗಂಟೆಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಟೈಮ್ ತಾನಾಗಿ ಸರಿಹೋಗುವುದೂ ಇಲ್ಲ. ನನಗೆ ನಿಜಕ್ಕೂ ಸಂಕಟ ಆಗುವುದು ಇನ್ನೊಂದಕ್ಕೆ. ಬಯೋಸ್ ಸೆಟ್ಟಿಂಗ್ ಅಳಿಸಿ, ಬೋರ್ಡ್ ಹಾರ್ಡ್ ಡಿಸ್ಕ್ ಜೊತೆ ಮಾತಾಡುವ ಮೋಡ್ ಎಎಚ್‌ಸಿಐ (ಹೊಸ ಬಗೆ) ಇದ್ದದ್ದು ಐಡಿಇಗೆ (ಹಳೆ ಬಗೆ) ಬಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತೆ. ಡಿಸ್ಕ್ ಹೋಯಿತು ಅಂದುಕೊಂಡು ಫಾರ್ಮ್ಯಾಟ್ ಮಾಡಿಸಿದವರಿದ್ದಾರೆ. ಮಕ್ಕಳ ಫೋಟೊ, ವರ್ಷಗಳ ಲೆಕ್ಕ ಎಲ್ಲ ಹೋದ ಮೇಲೆ ನನ್ನ ಹತ್ತಿರ ಬರುತ್ತಾರೆ. ದಯವಿಟ್ಟು ಫಾರ್ಮ್ಯಾಟ್‌ಗೆ ಮುಂಚೆ ಸೆಲ್ ನೋಡಿಸಿ.

ಬದಲಾಯಿಸುವ ಮುಂಚೆ ಬಯೋಸ್‌ನ ಒಂದೊಂದು ಪುಟವನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಪ್ಲಗ್ ಕೀಳಿ. ಕ್ಲಿಪ್ ಪಕ್ಕಕ್ಕೆ ಒತ್ತಿದರೆ ಸೆಲ್ ಮೇಲೆ ಚಿಮ್ಮುತ್ತೆ. ಅಕ್ಷರ ಇರುವ ಪ್ಲಸ್ ಬದಿ ಮೇಲೆ ಬರುವಂತೆ ಹೊಸದು ಕೂರಿಸಿ. ಸಿಆರ್ 2025 ಅನ್ನುವ ಸೆಲ್ ಹಾಕಬೇಡಿ, ಅದು ತೆಳು, ಸಡಿಲವಾಗುತ್ತೆ.

ಇನ್ನೂ ಹಳೆಯ, 386, 486 ಪ್ರೊಸೆಸರ್ ಕಾಲದ ಬೋರ್ಡ್‌ಗಳ ಕಥೆ ಬೇರೆ. ಅವುಗಳಲ್ಲಿ ಕೀಬೋರ್ಡ್ ಕನೆಕ್ಟರ್ ಹತ್ತಿರ 3.6 ವೋಲ್ಟ್‌ನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಾರೆ. ಅದು ಎಷ್ಟು ವರ್ಷ ಬರುತ್ತೆ ಅನ್ನುವುದಕ್ಕಿಂತ ಯಾವಾಗ ಸೋರುತ್ತೆ ಅನ್ನುವುದೇ ಚಿಂತೆ. ಒಂದು ಹಳೆ ಪ್ರಿಂಟಿಂಗ್ ಪ್ರೆಸ್‌ನ ಮೆಷಿನ್ ಬಿಚ್ಚಿದಾಗ ಕನೆಕ್ಟರ್ ಸುತ್ತ ಹಸಿರು ಪುಡಿ ಕಟ್ಟಿತ್ತು. ಕೆರೆದರೆ ಕೆಳಗಿನ ತಾಮ್ರದ ಗೆರೆಗಳೇ ಕೈಗೆ ಬಂದವು. ಸೋರುವುದು ಕ್ಷಾರ, ಆದ್ದರಿಂದ ಬ್ಯಾಟರಿ ಕತ್ತರಿಸಿ ತೆಗೆದು ವಿನೆಗರ್‌ನಲ್ಲಿ ಒರೆಸಬೇಕು. ಅಂಥ ಬೋರ್ಡ್ ಮೂಲೆಯಲ್ಲಿದ್ದರೆ ಇವತ್ತೇ ಆ ಬ್ಯಾಟರಿ ತೆಗೆದುಬಿಡಿ.

ತೆಗೆದ ಬಟನ್ ಸೆಲ್ ಚಾರ್ಜ್ ಮಾಡಲು ಹೋಗಬೇಡಿ, ಮೇಜಿನ ಮೇಲೂ ಬಿಡಬೇಡಿ. ಎರಡೂ ಬದಿಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ. ಖಾಲಿ ಅನ್ನಿಸಿದ ಸೆಲ್‌ನಲ್ಲೂ ಮಗುವಿನ ಅನ್ನನಾಳ ಸುಡುವಷ್ಟು ಶಕ್ತಿ ಉಳಿದಿರುತ್ತೆ, ಅದೂ ಎರಡು ಗಂಟೆಯೊಳಗೆ. ಮಗು ನುಂಗಿದೆ ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.